ಬಿಸುವಿನ ಒಳಗೆ ಮಾರಬೇಕಾದ ಮನೆ

ಮಾರುವ ಮನೆಗೆ ಮದುಮಗಳ ಅಲಂಕಾರ ಮಾಡಲು ಹೊರಟವರು ಕೊನೆಗೆ ನಗೆಪಾಟಲಾಗದೆ ಇರುವುದಿಲ್ಲ. ಪುತ್ತೂರಿನಲ್ಲಿ ಜಾಗ-ಮನೆಯ ಬ್ರೋಕರಾಗಿ ಇಪ್ಪತ್ತೆರಡು ವರ್ಷ ಕಳೆದೆ, ಒಂದು ವರ್ಷವೂ ಈ ಮಾತು ಸುಳ್ಳಾಗಿಲ್ಲ. ಗೋಡೆಯ ಬಿರುಕಿಗೆ ಹೂಕುಂಡ ಅಡ್ಡ ಇಡುವವರನ್ನು ನೋಡಿದ್ದೇನೆ. ಗೆದ್ದಲು ಹಿಡಿದ ಬಾಗಿಲಿಗೆ ಮಾವಿನ ತೋರಣ ಕಟ್ಟಿದವರನ್ನೂ ನೋಡಿದ್ದೇನೆ.

ನಮ್ಮ ಕಡೆ ಮನೆ ತೋರಿಸುವುದಕ್ಕೆ ಇರುವುದು ಒಂದೇ ಸೂತ್ರ. ಮಳೆಗಾಲದಲ್ಲಿ ಬಾವಿ ತೋರಿಸು, ಬೇಸಿಗೆಯಲ್ಲಿ ಮಾಡು ತೋರಿಸು. ಮಾಡು ಸೋರುವುದು ಮಳೆಯಲ್ಲಿ, ಬಾವಿ ಬತ್ತುವುದು ಬಿಸಿಲಲ್ಲಿ. ಎರಡೂ ದೋಷ ಇದ್ದ ಮನೆಯನ್ನು ನವೆಂಬರಿನಲ್ಲಿ ತೋರಿಸಿ ಕೈ ತೊಳೆದುಕೊಳ್ಳಬೇಕು.

ಪೆರಾಬೆ ಕಡೆಯ ಈ ಮನೆ ನನ್ನ ಕೈಗೆ ಬಂದದ್ದು ಫೆಬ್ರವರಿಯಲ್ಲಿ. ಮನೆಯೊಡತಿ ಮದುವೆ-ಮುಂಜಿಗಳ ಅಡುಗೆ ವಹಿಸಿಕೊಳ್ಳುವ ಒಬ್ಬ ಅಕ್ಕ. ಇಪ್ಪತ್ತು ವರ್ಷ ಕಂಡವರ ಅಂಗಳದಲ್ಲಿ ಒಲೆ ಹೂಡಿದವರು. ಪುತ್ತೂರಿನಲ್ಲಿ ಒಂದು ಕ್ಯಾಂಟೀನು, ಹಿಂದುಗಡೆ ವಾಸಕ್ಕೆ ಎರಡು ಕೋಣೆ, ಅವರಿಗೆ ಸಿಗುವುದರಲ್ಲಿತ್ತು. ಅದರ ಮಾಲೀಕರು ಏಪ್ರಿಲ್ ನಡುವಿನ ಬಿಸು ಹಬ್ಬದವರೆಗೆ ಮಾತ್ರ ಕಾಯುತ್ತೇನೆ ಎಂದಿದ್ದರು. ಅಷ್ಟರೊಳಗೆ ಈ ಮನೆ ಹೋಗದಿದ್ದರೆ ಕ್ಯಾಂಟೀನು ಬೇರೆಯವರಿಗೆ. ಈ ಮನೆಯ ಬಾವಿಯಲ್ಲಿ ಆಗಲೇ ತಳದ ಕಲ್ಲು ಕಾಣುತ್ತಿತ್ತು.

೧. ಐದು ಚೌಕ

ಅಕ್ಕನಿಗೆ ಒಬ್ಬ ತಮ್ಮ. ಕೆಲಸವಿಲ್ಲದವನು ಎನ್ನುವಂತಿಲ್ಲ, ಮೊಬೈಲ್ ನೋಡುವುದೇ ಅವನ ಕೆಲಸ. ಮನೆ ಮಾರುವುದು ಹೇಗೆ ಎಂದು ಯಾವನೋ ಮಾಡಿದ ವಿಡಿಯೋ ನೋಡಿ ಬಂದು, "ಮನೆಯಲ್ಲಿ ನಮ್ಮ ಗುರುತೇ ಇರಬಾರದಂತೆ ಅಕ್ಕ. ಬಂದವರಿಗೆ ಇದು ತಮ್ಮದೇ ಮನೆ ಅಂತ ಅನಿಸಬೇಕಂತೆ" ಎಂದ. ಚಾವಡಿಯ ಗೋಡೆಯಿಂದ ಅಜ್ಜ, ಅಪ್ಪ, ಅಮ್ಮ ಮೂವರ ಪಟ ಇಳಿಸಿದ. ಉತ್ಸಾಹ ಹೆಚ್ಚಾಗಿ ಗಡಿಯಾರ, ಕ್ಯಾಲೆಂಡರನ್ನೂ ತೆಗೆದ. ಹೊಗೆ ಹಿಡಿದ ಗೋಡೆಯ ಮೇಲೆ ಐದು ಬಿಳೀ ಚೌಕ, ಐದು ಮೊಳೆ ಉಳಿದವು.

ಮೊದಲು ಬಂದವರು ಕಾಣಿಯೂರಿನ ಗಂಡ-ಹೆಂಡತಿ. ಜೊತೆಗೆ ಅವರ ದೊಡ್ಡಮ್ಮ. ದೊಡ್ಡಮ್ಮ ಕೋಣೆ ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ. ಗೋಡೆಯ ಎದುರು ನಿಂತು ಎಣಿಸಿದರು.

"ಐದು ಜನವಾ?"

"ಎಂತದ್ದು ದೊಡ್ಡಮ್ಮ?" ಎಂದೆ.

"ಸತ್ತವರು. ಪಟ ತೆಗೆದದ್ದು ಗೊತ್ತಾಗುದಿಲ್ವಾ ನಮಗೆ? ಒಂದೇ ಮನೆಯಲ್ಲಿ ಐದು ಜನ! ಎಂತ ಆದದ್ದು?"

ತಮ್ಮ ಬಾಯಿ ಹಾಕಿದ. "ಇಲ್ಲ ಇಲ್ಲ, ಮೂರೇ ಜನ. ನಾಲ್ಕನೆಯದು ಗಡಿಯಾರ."

"ಅಯ್ಯೋ ದೇವರೇ," ಎಂದರು ದೊಡ್ಡಮ್ಮ, "ಅದೂ ನಿಂತು ಹೋಯಿತಾ?"

೨. ಪರಿಮಳ

ಗೋಡೆಗೆ ಬಣ್ಣ ಬಳಿಸಿದ್ದಾಯಿತು. ತಮ್ಮ ಎರಡನೆಯ ವಿಡಿಯೋ ನೋಡಿದ. ಮನೆಯೊಳಗೆ ಒಳ್ಳೆಯ ಪರಿಮಳ ಇರಬೇಕಂತೆ, ಏನಾದರೂ ಬೇಯುತ್ತಿರಬೇಕಂತೆ. ಈ ಮಾತನ್ನು ಬೇರೆ ಯಾರಿಗೆ ಹೇಳಿದ್ದರೂ ಒಂದು ಲೋಟ ಕಾಫಿಯಲ್ಲಿ ಮುಗಿಯುತ್ತಿತ್ತು. ಅಕ್ಕನಿಗೆ ಇನ್ನೂರು ಜನರಿಗಿಂತ ಕಡಿಮೆ ಅಳತೆ ಗೊತ್ತಿಲ್ಲ. ಆದಿತ್ಯವಾರ ಬೆಳಿಗ್ಗೆ ದೊಡ್ಡ ಉರುಳಿ ಇಟ್ಟು ಕುಂಬಳಕಾಯಿಯ ಕಾಶಿಹಲ್ವ ಕಾಯಿಸಿದರು. ತುಪ್ಪದ ಪರಿಮಳ ಮಾರ್ಗದವರೆಗೆ ಹೋಯಿತು.

ಆ ದಿನ ಬಂದದ್ದು ಸುಳ್ಯ ಕಡೆಯ ಒಂದು ಸಂಸಾರ. ಮನೆ ಕೊಳ್ಳುವವನು ಒಬ್ಬ, ನೋಡಲು ಬಂದವರು ಹನ್ನೊಂದು ಜನ. ಇದು ನಮ್ಮವರ ಇನ್ನೊಂದು ರೋಗ. ಹೆಣ್ಣು ನೋಡಲು ಹೋಗುವಾಗಲೂ ಇಷ್ಟು ಜನ ಇರುವುದಿಲ್ಲ. ಹನ್ನೊಂದು ಜನವೂ ಜಗಲಿಯಲ್ಲಿ ಕೂತು ಹಲ್ವ ತಿಂದರು, ಮತ್ತೊಮ್ಮೆ ಹಾಕಿಸಿಕೊಂಡು ತಿಂದರು. ಒಳಗೆ ಹೋಗಿ ಕೋಣೆ ನೋಡಿದವನು ಒಬ್ಬನೂ ಇಲ್ಲ.

ಹಿರಿಯರೊಬ್ಬರು ಬೆರಳು ನೆಕ್ಕಿ, "ನಿಶ್ಚಯ ಮಾಡಿಯೇ ಬಿಡುವ" ಎಂದರು. ನನ್ನ ಎದೆ ಹಿಗ್ಗಿತು. ಅಕ್ಕನ ಕಣ್ಣಲ್ಲಿ ಕ್ಯಾಂಟೀನು ಕಂಡಿತು.

"ಮೇ ಹತ್ತಕ್ಕೆ ನಮ್ಮ ಹುಡುಗಿಯ ಮದುವೆ ಉಂಟು. ಅಡುಗೆ ನಿಮ್ಮದೇ ಅಕ್ಕ. ಮನೆ ಈಗ ಮಾರಬೇಡಿ, ಮತ್ತೆ ನಿಮ್ಮನ್ನು ಹುಡುಕುದು ಎಲ್ಲಿ?"

೩. ಬೆಲ್ಲ-ನೀರು

ಮಾರ್ಚ್ ಬಂತು. ಈಗ ಬಂದವರು ಕಡಬದ ಒಬ್ಬ ಮೇಷ್ಟ್ರು, ಒಬ್ಬರೇ ಬಂದರು. ಜನ ಕಡಿಮೆ, ಬುದ್ಧಿ ಹೆಚ್ಚು ಎಂದು ನಾನೂ ಹಿಗ್ಗಿದೆ. ಬಾವಿಯ ಕಡೆ ಅವರ ಮುಖ ತಿರುಗದಂತೆ ನೋಡಿಕೊಂಡೆ. ಬಾವಿಕಟ್ಟೆಯ ಸುತ್ತ ಒಗೆದ ಸೀರೆಗಳನ್ನು ಒಣಗಲು ಹಾಕಿಸಿದ್ದೆ. ನನ್ನ ಬುದ್ಧಿಯೂ ತಮ್ಮನ ಬುದ್ಧಿಗೆ ಅಕ್ಕಪಕ್ಕದ್ದೇ ಎಂದು ಒಪ್ಪುತ್ತೇನೆ.

ಮೇಷ್ಟ್ರಿಗೆ ಮನೆ ಹಿಡಿಸಿತು. ಬೆಲೆಯೂ ಹೆಚ್ಚು ಅನಿಸಲಿಲ್ಲ. ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅಕ್ಕ ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ತಂದಿಟ್ಟರು. ಮೇಷ್ಟ್ರು ಬೆಲ್ಲ ಕಚ್ಚಿ ಗಟಗಟ ಕುಡಿದರು.

"ಆಹಾ, ನೀರು ತಂಪುಂಟು. ಬಾವಿದಾ?"

ನಾನು ಹೌದು ಎನ್ನಲು ಬಾಯಿ ತೆರೆದಿದ್ದೆ, ಅಷ್ಟೆ.

"ಬಾವಿಯಲ್ಲಿ ಈಗ ನೀರೆಲ್ಲಿ ಉಂಟು ಮೇಷ್ಟ್ರೆ?" ಎಂದರು ಅಕ್ಕ. "ಇದು ಪಂಚಾಯತಿನ ನಳ್ಳಿದು. ಮಡಕೆಯಲ್ಲಿ ಹಾಕಿಟ್ಟದ್ದಕ್ಕೆ ತಂಪು. ನಳ್ಳಿಯೂ ದಿನ ಬಿಟ್ಟು ದಿನ ಬರುದು. ಇನ್ನೊಂದು ತಂಬಿಗೆ ತರ್ಲಾ?"

ಮೇಷ್ಟ್ರು ಹೋದ ಮೇಲೆ ನಾನು ಅಕ್ಕನನ್ನು ಗದರಿದೆ. ಹಾಗೆ ಹೇಳುವುದಾ ಅಕ್ಕ, ಎಂದೆ.

"ಬಾಯಾರಿ ನೀರು ಕುಡಿಯುವವರ ಹತ್ತಿರ ಸುಳ್ಳು ಹೇಳಿದ್ರೆ ಗಂಟಲಲ್ಲಿ ಸಿಕ್ಕಿಕೊಳ್ಳುದಿಲ್ವಾ?" ಎಂದರು. ಇಂಥವರ ಮನೆ ಮಾರಿಸುವುದಕ್ಕಿಂತ ಗಾಣಕ್ಕೆ ಎತ್ತಾಗುವುದು ಲೇಸು.

೪. ಗಂಗೆ ಬಂದಳು

ಬಿಸುವಿಗೆ ಎಂಟೇ ದಿನ ಉಳಿಯಿತು. ಕ್ಯಾಂಟೀನಿನ ಮಾಲೀಕರು ಎರಡು ಸಲ ಫೋನು ಮಾಡಿದರು. ಅಷ್ಟರಲ್ಲಿ ಜಾಲ್ಸೂರಿನಿಂದ ಒಬ್ಬರು ಫೋನು ಮಾಡಿ, ಈ ಕಡೆ ದೊಡ್ಡ ಅಂಗಳದ ಮನೆ ಬೇಕು, ಗುರುವಾರ ನೋಡಲು ಬರುತ್ತೇನೆ ಎಂದರು.

ನಾನು ಮತ್ತು ತಮ್ಮ ಕೂತು ಮಸಲತ್ತು ಮಾಡಿದೆವು. ಬಾವಿಗೆ ಟ್ಯಾಂಕರಿನ ನೀರು ಹೊಯ್ಯುವುದು. ಊರಿನ ಟ್ಯಾಂಕರ್ ಕರೆದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಅದಕ್ಕೆ ತಮ್ಮ ಎಲ್ಲೋ ಗೋಡೆಯ ಮೇಲೆ ಕಂಡ ನಂಬರಿಗೆ ಫೋನು ಮಾಡಿ ದೂರದಿಂದ ತರಿಸಿದ. ಗುರುವಾರ ಬೆಳ್ಳಂಬೆಳಿಗ್ಗೆ ಎರಡು ಲೋಡು ಬಾವಿಗೆ ಬಿತ್ತು. ಅಕ್ಕ ಹಣೆ ಚಚ್ಚಿಕೊಂಡು ಒಳಗೆ ಹೋದರು.

ಇನ್ನೊಂದು ಕೆಲಸವಿತ್ತು. ಇಲ್ಲಿ ಮನೆ ಕೊಳ್ಳುವವರು ಯಜಮಾನನನ್ನೂ ನಂಬುವುದಿಲ್ಲ, ಬ್ರೋಕರನ್ನೂ ನಂಬುವುದಿಲ್ಲ. ಬೇಲಿಯ ಬಳಿ ನಿಂತು ಪಕ್ಕದ ಮನೆಯವರನ್ನು ಕೇಳುತ್ತಾರೆ. ಪಕ್ಕದ ಮನೆಯ ಯಜಮಾನರಿಗೆ ಮೊನ್ನೆಯೇ ಹೇಳಿಕೊಟ್ಟಿದ್ದೆ, ಯಾರು ಕೇಳಿದರೂ ಬಾವಿ ಬತ್ತುವುದಿಲ್ಲ ಎನ್ನಿ ಎಂದು.

ಜಾಲ್ಸೂರಿನವರು ಹನ್ನೊಂದಕ್ಕೆ ಬಂದರು. ಬಣ್ಣ ನೋಡಲಿಲ್ಲ, ಅಂಗಳವನ್ನು ಹೆಜ್ಜೆ ಹಾಕಿ ಅಳೆದರು, ನೇರ ಬಾವಿಗೆ ಹೋದರು.

"ಸಾಕ್ಷಾತ್ ಗಂಗೆ," ಎಂದೆ ನಾನು. "ಏಪ್ರಿಲಿನಲ್ಲಿ ಹೀಗೆ ಉಂಟೆಂದರೆ ಲೆಕ್ಕ ಹಾಕಿ. ಇಂಥ ನೀರು ಈ ಸುತ್ತಿನಲ್ಲೇ ಇಲ್ಲ."

"ಹೌದು, ಇಲ್ಲ," ಎಂದರು ಅವರು. "ಇದು ನಮ್ಮಲ್ಲಿದ್ದು. ಟ್ಯಾಂಕರ್ ನಂದೇ ಮಾರಾಯ್ರೆ. ಪೆರಾಬೆಯಲ್ಲಿ ಯಾರೋ ಬಾವಿಗೆ ನೀರು ಹೊಯ್ಯಿಸಿದ್ರು ಅಂತ ಡ್ರೈವರ್ ಬೆಳಿಗ್ಗೆಯಿಂದ ನೆಗಾಡ್ತಾ ಇದ್ದಾನೆ."

ಅಕ್ಕನ ತಮ್ಮ ಮೊಬೈಲಿನಲ್ಲಿ ಮುಖ ಹುದುಗಿಸಿದ. ನನಗೆ ಆ ಸೌಕರ್ಯವೂ ಇರಲಿಲ್ಲ. ಅಕ್ಕ ಹೊರಗೆ ಬಂದು ಕೈ ಮುಗಿದು, "ತಪ್ಪಾಯಿತು ಅಣ್ಣ. ಫೆಬ್ರವರಿಯಲ್ಲೇ ಬತ್ತುವ ಬಾವಿ ಇದು. ನಿಮ್ಮನ್ನು ಸುಮ್ಮನೆ ಬರಿಸಿದ ಹಾಗೆ ಆಯಿತು" ಎಂದರು.

ಅವರು ಬೈಯಲಿಲ್ಲ. "ನನಗೆ ಬೇಕಾದ್ದೇ ಅದು. ಬೇಸಿಗೆಯಲ್ಲಿ ನೀರು ಬೇಕು ಅಂತ ಈ ಕಡೆಯಿಂದ ದಿನಾ ಫೋನು ಬರ್ತದೆ. ಇಲ್ಲೇ ಎರಡು ಟ್ಯಾಂಕರ್ ನಿಲ್ಲಿಸುವ ಅಂತ. ಆದ್ರೆ ನಿಜವಾಗಿ ನೀರಿಲ್ವಾ? ಇವರನ್ನು ನಂಬ್ಲಿಕ್ಕೆ ಆಗುದಿಲ್ಲ" ಎಂದು ನನ್ನನ್ನು ನೋಡಿ, ಬೇಲಿಯ ಬಳಿಗೆ ಹೋದರು.

"ಈ ವಠಾರದ ಬಾವಿಗಳು ಬತ್ತುತ್ತವಾ?"

ಎರಡು ತಿಂಗಳು ಬಂದವರ ಹತ್ತಿರವೆಲ್ಲ ಬಾಯಿಗೆ ಬಂದದ್ದು ಹೇಳಿದ ಪಕ್ಕದ ಮನೆಯ ಯಜಮಾನರು ಆ ಒಂದು ದಿನ ನೆರೆಹೊರೆಯ ಧರ್ಮ ನೆನಪು ಮಾಡಿಕೊಂಡರು. ಎದೆಯ ಮೇಲೆ ಕೈ ಇಟ್ಟು, "ಛೇ ಛೇ, ಬತ್ತುದಾ? ನಾನು ಹುಟ್ಟಿದ ಮೇಲೆ ಈ ಬಾವಿಯ ತಳ ಕಂಡವರಿಲ್ಲ" ಎಂದರು.

ಜಾಲ್ಸೂರಿನವರು ಕಾರಿನ ಕಡೆ ತಿರುಗಿದರು. ಅಕ್ಕನ ಮುಖ ಬಾಡಿತು. ಕ್ಯಾಂಟೀನು, ಕೋಣೆ ಎಲ್ಲ ಆ ಕಾರಿನೊಳಗೆ ಕೂತು ಹೊರಟ ಹಾಗೆ ನೋಡುತ್ತಾ ನಿಂತರು. ನನಗೆ ತಡೆಯಲಿಲ್ಲ. ಬೇಲಿಗೆ ಓಡಿ, "ಮಾರಾಯ್ರೆ, ನಿಜ ಹೇಳಿ, ನಿಜ!" ಎಂದು ಕೂಗಿದೆ. ನನ್ನ ವೃತ್ತಿಯಲ್ಲಿ ಆ ಮಾತು ಆಡಿದ್ದು ಅದೇ ಮೊದಲು.

ಯಜಮಾನರು ತಬ್ಬಿಬ್ಬಾದರು. "ಯಾವ ನಿಜ? ಮೊನ್ನೆ ಹೇಳಿಕೊಟ್ಟದ್ದಾ, ಇವತ್ತು ಹೇಳಿಕೊಡುದಾ?"

ಜಾಲ್ಸೂರಿನವರು ಕಾರಿನ ಬಾಗಿಲು ಹಿಡಿದು ನಗತೊಡಗಿದರು. ಅಕ್ಕನ ತಮ್ಮ ಮೊಬೈಲಿನಿಂದ ತಲೆಯೆತ್ತಿ ಯಜಮಾನರಿಗೆ, "ಅವರು ಟ್ಯಾಂಕರಿನವರು" ಎಂದ. ಎರಡು ತಿಂಗಳಲ್ಲಿ ಅವನು ಆಡಿದ ಉಪಯೋಗದ ಮಾತು ಅದೊಂದೇ.

"ಟ್ಯಾಂಕರಿನವರಾ! ಮೊದಲೇ ಹೇಳ್ಬಾರ್ದಾ?" ಯಜಮಾನರು ಬೇಲಿ ದಾಟಿಯೇ ಬಂದರು. "ಮೂರು ದಿನದಿಂದ ಸ್ನಾನ ಇಲ್ಲ ಮಾರಾಯ್ರೆ. ನಮಗೊಂದು ಲೋಡು ಹಾಕಿ, ಆಚೆಮನೆಯವರಿಗೂ ಒಂದು. ಈ ಅಕ್ಕನ ಬಾವಿಗೆ ಮಾತ್ರ ಹಾಕಬೇಡಿ, ಅದು ಎಷ್ಟು ಹಾಕಿದ್ರೂ ಕುಡಿದುಬಿಡ್ತದೆ!"

ಕರಾರು ಬಿಸುವಿಗೆ ನಾಲ್ಕು ದಿನ ಇರುವಾಗ ಆಯಿತು. ಸಾಕ್ಷಿಗೆ ಯಾರು ಸಹಿ ಹಾಕುತ್ತಾರೆ ಎಂದು ಕೇಳಿದಾಗ ಪಕ್ಕದ ಮನೆಯ ಯಜಮಾನರು ಪೆನ್ನು ಹಿಡಿದು ಮುಂದೆ ಬಂದರು. ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದರು, "ಇದರಲ್ಲಿ ಬಾವಿಗೆ ನೀರು ಉಂಟು ಅಂತ ಬರೆದದ್ದಾ, ಇಲ್ಲ ಅಂತಲಾ?"