ಮಧುಕರನ ಪಾಲಿನ ಬಂಗಡೆ

ಮಧುಕರ ನಾಯ್ಕ ಆ ಸೋಮವಾರ ಒಂದು ತಾಸು ಮೊದಲೇ ಕೇಣಿಗೆ ಬಂದದ್ದೇ ತಪ್ಪಾಯಿತು. ಎಲ್ಲರಂತೆ ಒಂಬತ್ತಕ್ಕೆ ಬಂದು, ಎಲ್ಲರಂತೆ ಪೊರಕೆ ಹಿಡಿದು, ಎಲ್ಲರಂತೆ ಫೋಟೋಕ್ಕೆ ನಿಂತಿದ್ದರೆ ಇವತ್ತು ಅವನು ನೆಮ್ಮದಿಯಿಂದ ಇರುತ್ತಿದ್ದ. ಆದರೆ ಅಂದು ಬೇಗ ಬರುವುದಕ್ಕೆ ಅವನಿಗೊಂದು ಕಾರಣವಿತ್ತು. ಆ ಕಾರಣಕ್ಕಾಗಿಯೇ ಹೊಸ ಬಿಳಿ ಜುಬ್ಬಾಕ್ಕೆ ಇಸ್ತ್ರಿಯೂ ಆಗಿತ್ತು.

ಬಿಣಗಾದಲ್ಲಿ ಮನೆ, ಕಾರವಾರದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ, ಮನೆಯಲ್ಲಿ ಗಾಯತ್ರಿ ಎಂಬ ಹೆಂಡತಿ. ಇಷ್ಟೇ ಆಗಿದ್ದ ಮಧುಕರನ ಬದುಕಿಗೆ ಐದು ವರ್ಷದ ಹಿಂದೆ ಚಿತ್ತಾಕುಲದ ದೇವಿದಾಸ ಮಾಸ್ತರರು ಬಂದು ಸೇರಿಕೊಂಡರು. ಮಾಸ್ತರರದು ಬೆಳಗಾದರೆ ಭಜನೆ, ಭಜನೆ ಮುಗಿದರೆ ಪೊರಕೆ. ದೇವರ ಹೆಸರು ಹೇಳಿದ ಮೇಲೆ ಬಾಯಿ ಸುಮ್ಮನಿದ್ದರೂ ನಡೆಯುತ್ತದೆ, ಕೈ ಸುಮ್ಮನಿರಬಾರದು ಎನ್ನುವ ಮನುಷ್ಯ. ಅವರ ಸೇವಾ ಬಳಗ ವಾರಕ್ಕೊಮ್ಮೆ ಕೇಣಿಯ ಮೀನುಗಾರರ ಕೇರಿಗೆ ಬಂದು ದಂಡೆ ಗುಡಿಸುತ್ತಿತ್ತು, ಮಕ್ಕಳಿಗೆ ಪಾಠ ಹೇಳುತ್ತಿತ್ತು, ಮುದುಕರ ಬಿಪಿ ನೋಡುತ್ತಿತ್ತು. ಮಾಸ್ತರರಿಗೆ ಈಗ ಎಪ್ಪತ್ತೆಂಟು. ಕೇಣಿಯ ಕೆಲಸಕ್ಕೆ ಒಬ್ಬ ಮುಖ್ಯಸ್ಥ ಬೇಕು, ಯಾರೆಂಬುದನ್ನು ಗಾಂಧಿ ಜಯಂತಿಯ ದಿನ ಹೇಳುತ್ತೇನೆ ಎಂದಿದ್ದರು. ಗಾಂಧಿ ಜಯಂತಿ ಈ ಸಲ ಸೋಮವಾರ ಬಿದ್ದಿತ್ತು.

ಆ ಸ್ಥಾನ ಮಧುಕರನಿಗೆ ಬೇಕಾಗಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ನಿಷ್ಕಾಮ ಸೇವೆಯಲ್ಲಿ ಹಾಗೆಲ್ಲ ಹೇಳುವಂತಿಲ್ಲ. ಆದರೆ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತವನಿಗೆ ಎಲ್ಲಿಯಾದರೂ ಒಂದು ಕಡೆ ಮುಖ್ಯಸ್ಥ ಅನ್ನಿಸಿಕೊಳ್ಳುವ ಆಸೆ ಇರುವುದು ದೊಡ್ಡ ಪಾಪವೇನಲ್ಲ. ಅದಕ್ಕಾಗಿ ಅವನು ಮಾಡಿದ ತ್ಯಾಗವೂ ಸಣ್ಣದಲ್ಲ. ಹೋದ ವರ್ಷ ಬಳಗದ ವಾರ್ಷಿಕೋತ್ಸವದಲ್ಲಿ ಒಬ್ಬೊಬ್ಬರೂ ಒಂದೊಂದು ಬಿಡಬೇಕು ಎಂದಾಗ ಒಬ್ಬ ಸಿಟ್ಟು ಬಿಟ್ಟ, ಇನ್ನೊಬ್ಬ ಚಾಡಿ ಬಿಟ್ಟ. ಮಧುಕರ ಮೈಕಿನ ಮುಂದೆ ನಿಂತು, "ನಾನು ಮೀನು ಬಿಟ್ಟೆ" ಎಂದುಬಿಟ್ಟ. ಕಾರವಾರದ ಸಭೆ ಉಸಿರು ಕಟ್ಟಿ ಕೂತಿತು. ಚಪ್ಪಾಳೆ ಬಿದ್ದದ್ದು ಒಂದು ನಿಮಿಷ. ಆಮೇಲಿನ ಹನ್ನೊಂದು ತಿಂಗಳು ಗಾಯತ್ರಿ ಬಂಗಡೆ ಹುರಿಯುವಾಗಲೆಲ್ಲ ಅವನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದ.

ಇನ್ನೊಂದು ನಿಯಮವೂ ಅವನದೇ. ಸೇವೆಗೆ ಹೋದಲ್ಲಿ ಒಂದು ಲೋಟ ನೀರನ್ನೂ ಮುಟ್ಟಬಾರದು. ಬಡವರಿಂದ ಏನನ್ನೂ ತೆಗೆದುಕೊಳ್ಳಬಾರದು. ಐದು ವರ್ಷದಿಂದ ಬಳಗದವರೆಲ್ಲ ಮನೆಯಿಂದಲೇ ಬಾಟಲಿ ತಂದು ಕುಡಿಯುತ್ತಿದ್ದರು.

ಅಂಕೋಲೆಯಲ್ಲಿ ಬಸ್ಸಿಳಿದು ಗುರುತಿನ ರಿಕ್ಷಾದವನಾದ ಮಾಸ್ತಿಯ ರಿಕ್ಷಾದಲ್ಲಿ ಕೇಣಿ ಮುಟ್ಟಿದಾಗ ದಂಡೆಯಲ್ಲಿ ಏಂಡಿ ಬಲೆ ಎಳೆಯುತ್ತಿದ್ದರು. ದೋಣಿಯಿಂದ ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು, ಅದರ ಎರಡು ತುದಿಯ ಹಗ್ಗವನ್ನು ದಂಡೆಯ ಮೇಲೆ ಎರಡು ಸಾಲು ಜನ ನಿಂತು ಜಗ್ಗುವುದು. ಒಂದು ಸಾಲಿನಲ್ಲಿ ಜನ ಕಡಿಮೆ ಬಿದ್ದು ಬಲೆ ಸೊಟ್ಟಗೆ ಬರುತ್ತಿತ್ತು. ಸಾಲಿನ ಕೊನೆಯಲ್ಲಿ ಬೀರಿ ಹಿಮ್ಮಡಿ ಊರಿ ನಿಂತಿದ್ದಳು. ಅರವತ್ತು ದಾಟಿದ ವಿಧವೆ, ಇಡೀ ಕೇರಿಗೆ ಆಯಿ.

"ಹೋಯ್, ಬಿಳೇ ಜುಬ್ಬಾದವ್ರೇ! ನೋಡ್ತಾ ನಿಂತ್ರೆ ಬಲೆ ಬತ್ತದ್ಯಾ? ಒಂದ್ ಕೈ ಹಾಕ್ರಾ!"

ಮಧುಕರ ಹಗ್ಗಕ್ಕೆ ಕೈ ಹಾಕಿದ. ಮಾಸ್ತರರು ಇಷ್ಟರಲ್ಲೇ ಬಂದು ಇದನ್ನು ನೋಡಿದರೆ ಎಷ್ಟು ಚೆನ್ನ ಎಂಬ ಲೆಕ್ಕಾಚಾರ ಮೊದಲ ಐದು ನಿಮಿಷ ಇತ್ತು. ಆಮೇಲೆ ಅಂಗೈ ಉರಿದು, ಸೊಂಟ ಹಿಡಿದು, ಲೆಕ್ಕಾಚಾರ ಬಿಟ್ಟುಹೋಯಿತು. ಮುಕ್ಕಾಲು ತಾಸು ಅವನು ಬೀರಿಯ ಹಿಂದೆ ನಿಂತು ಏನೂ ಯೋಚಿಸದೆ ಎಳೆದ. ಐದು ವರ್ಷದಲ್ಲಿ ಅವನು ಮಾಡಿದ ನಿಜವಾದ ಸೇವೆ ಬಹುಶಃ ಅದೊಂದೇ. ಅದು ಅವನಿಗೆ ಆಗ ಗೊತ್ತಿರಲಿಲ್ಲ.

ಬಲೆ ದಂಡೆಗೆ ಬಂತು. ಮೀನು ಬಹಳವೇನಿಲ್ಲ. ಬಲೆಯ ಯಜಮಾನ ಹೊನ್ನ ಮರಳಿನ ಮೇಲೆ ಪಾಲು ಹಾಕುತ್ತ ಬಂದ. ಹಗ್ಗ ಮುಟ್ಟಿದವರಿಗೆಲ್ಲ ಪಾಲು. ಅದು ಯಾವ ಕಾಲದಿಂದಲೋ ಬಂದ ಕ್ರಮ. ಎಳೆದವನು ಯಾರು, ಯಾಕೆ ಎಳೆದ ಎಂದು ಯಾರೂ ಕೇಳುವುದಿಲ್ಲ. ಮಧುಕರನ ಮುಂದೆಯೂ ಒಂದು ಗುಡ್ಡೆ ಬಿತ್ತು. ಹನ್ನೊಂದು ಬಂಗಡೆ, ಬೆನ್ನು ಹಸಿರಾಗಿ ಮಿಂಚುತ್ತಿದ್ದವು.

"ಛೇ ಛೇ, ನಂಗೆ ಬೇಡ. ನಮ್ಮದು ಸೇವೆ" ಎಂದು ಮಧುಕರ ಕೈಮುಗಿದ.

ಹೊನ್ನನ ಮುಖ ಗಂಟಾಯಿತು. "ಎಂತಾ ಬೇಡ? ಹಗ್ಗ ಹಿಡದವ್ರು ಬರಿ ಕೈಲಿ ಹೋಗೂಕೆ ಇಲ್ಲ. ನಾವ್ ಬಿಟ್ಟಿ ಕೆಲ್ಸ ಮಾಡ್ಸಕಂಬವ್ರಲ್ಲ."

"ತಕಣಿ, ತಮಾ" ಎಂದಳು ಬೀರಿ. ಹಾಗೆನ್ನುತ್ತಲೇ ಅವನ ಹೆಗಲಿನ ಬಟ್ಟೆ ಚೀಲವನ್ನು ತಾನೇ ಎಳೆದು, ಒಳಗಿದ್ದ ನೀರಿನ ಬಾಟಲಿ ತೆಗೆದು ಅವನ ಕೈಗಿಟ್ಟು, ಹನ್ನೊಂದನ್ನೂ ತುಂಬಿದಳು. ಚೀಲದ ಮೇಲೆ 'ಸೇವೆಯೇ ಪೂಜೆ' ಎಂದು ಕೆಂಪಕ್ಷರದಲ್ಲಿ ಬರೆದಿತ್ತು.

ಮಾಸ್ತರರು ಬರಲು ಕಾಲು ತಾಸು ಉಳಿದಿತ್ತು. ಮೀನು ಬಿಟ್ಟವನ ಚೀಲದಲ್ಲಿ ಮೀನು. ಅದೂ ಬಡವರಿಂದ ತೆಗೆದುಕೊಂಡದ್ದು, ಅದೂ ಗಾಂಧಿ ಜಯಂತಿಯ ದಿನ! ಮಧುಕರ ದಂಡೆಯ ಪಕ್ಕದಲ್ಲಿ ಬಾಡಿಗೆಗೆ ಕಾಯುತ್ತಿದ್ದ ರಿಕ್ಷಾದ ಕಡೆ ಓಡಿದ.

"ಮಾಸ್ತಿ, ಇದು ನಿಂಗೆ. ಮನೆಗೆ ತಕಂಡು ಹೋಗು."

ಮಾಸ್ತಿ ಚೀಲದೊಳಗೆ ಇಣುಕಿ ನೋಡಿ ನಿಟ್ಟುಸಿರು ಬಿಟ್ಟ. "ಎಂತಾ ಮೀನು ಮಾರಾಯ್ರೇ! ಆದ್ರೆ ಇಂದು ಸೋಮವಾರಲ್ರಾ. ಮನೀಲಿ ಒಳಗೇ ಬಿಡೂದಿಲ್ಲ. ನಾಳೆ ಕೊಡಿ."

ಕೇರಿಯ ಜಗುಲಿಯಲ್ಲಿ ಬಲೆ ಹೊಲಿಯುತ್ತಿದ್ದ ಕಾಶಿ ಎಂಬ ಹೆಂಗಸಿಗೆ ಕೊಡಹೋದ. ಅವಳು ಸೂಜಿ ನಿಲ್ಲಿಸಿ, "ನಿಮ್ಮ ಪಾಲು ನಂಗ್ಯಾಕೆ? ಬೀರಿ ಆಯಿಗೆ ಗೊತ್ತಾದ್ರೆ ಬೇಜಾರ ಮಾಡ್ಕಂತಾಳೆ" ಎಂದಳು. ಅಷ್ಟರಲ್ಲಿ ಎರಡು ಬೆಕ್ಕು ಅವನ ಹಿಂದೆ ಬಿದ್ದಿದ್ದವು. ತಿರುವಿನಲ್ಲಿ ಮೂರಾದವು. ಅವನು ನಿಂತರೆ ಅವೂ ಕೂರುತ್ತಿದ್ದವು, ನಡೆದರೆ ಎದ್ದು ನಡೆಯುತ್ತಿದ್ದವು, ಬಳಗಕ್ಕೆ ಹೊಸದಾಗಿ ಸೇರಿದ ಸದಸ್ಯರಂತೆ.

ಎದುರಿಗೆ ಸಂದೇಶ ಬಂದ. ಸಂದೇಶ ವಿಮೆ ಏಜೆಂಟ, ಬಳಗದಲ್ಲಿ ಮಧುಕರನಷ್ಟೇ ಹಳಬ, ಮುಖ್ಯಸ್ಥನ ಸ್ಥಾನವನ್ನು ಮಧುಕರನಷ್ಟೇ ನಿಷ್ಕಾಮವಾಗಿ ಬಯಸುತ್ತಿದ್ದವನು.

"ಅರೇ ಮಧುಕರ, ಬೇಗ ಬಂದೆ? ಇದೇನು, ಬೆಕ್ಕಿನ ಮೆರವಣಿಗೆ?"

"ಪ್ರಾಣಿದಯೆ" ಎಂದ ಮಧುಕರ.

ಸಂದೇಶ ಮೂಗು ಅರಳಿಸಿದ. "ಏನೋ ವಾಸನೆ ಬರ್ತದಲ್ಲ?"

"ಮೀನುಗಾರರ ಕೇರಿಯಲ್ಲಿ ಮತ್ತೆಂತಾ ಮಲ್ಲಿಗೆ ವಾಸನೆ ಬರ್ತದೆಯಾ?" ಎಂದವನೇ ಮಧುಕರ ದೋಣಿಗಳ ಹಿಂದಕ್ಕೆ ಜಾರಿಕೊಂಡ. ಅಲ್ಲಿ ಮಂಡಿಯೂರಿ ಎರಡೂ ಕೈಯಿಂದ ಮರಳು ತೋಡಿದ. ಚೀಲ ಇಳಿಸಿ ಮುಚ್ಚುವಾಗ ಬೀರಿಯ ಮುಖ ಒಮ್ಮೆ ಕಣ್ಣ ಮುಂದೆ ಬಂತು. ಅವನ ಕೈ ಒಂದು ಗಳಿಗೆ ನಿಂತಿತು. ಆಗಲೇ ಮಾಸ್ತರರು ಬಂದರೆಂದು ದಂಡೆಯಲ್ಲಿ ಗದ್ದಲವೆದ್ದಿತು. ಮಧುಕರ ಮರಳು ತಟ್ಟಿ ಸಮ ಮಾಡಿದ, ಬೆಕ್ಕುಗಳನ್ನು ಗದರಿ ಓಡಿಸಿದ, ಕೈ ತೊಳೆದುಕೊಂಡು ಮುಖಕ್ಕೆ ಒಂದು ಶಾಂತಿ ತಂದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತ.

ಸಭೆ ನಡೆದದ್ದು ದಂಡೆಯ ಚಪ್ಪರದಲ್ಲಿ. ಬಳಗದವರು ಒಂದು ಕಡೆ, ಕೇರಿಯವರು ಒಂದು ಕಡೆ. ಮಾಸ್ತರರು ಕುರ್ಚಿ ಬೇಡವೆಂದು ಮರಳಿನಲ್ಲೇ ಕೂತು ಒಂದು ಭಜನೆ ಹೇಳಿ, ಆಮೇಲೆ ಮೆಲ್ಲಗೆ ಮಾತಾಡಿದರು.

"ಮುಖ್ಯಸ್ಥ ಯಾರು ಅಂತ ನಾನು ಹೇಳುವುದು ಸರಿಯಲ್ಲ. ಸೇವೆ ಮಾಡಿದ್ದು ನಾವು, ಮಾಡಿಸಿಕೊಂಡದ್ದು ಇವರು. ಯಾರನ್ನು ನಂಬಬೇಕು ಅಂತ ಇವರಿಗೇ ಗೊತ್ತು. ಬೀರಿ ಆಯಿ, ನೀವೇ ಹೇಳಿ."

ಸಂದೇಶ ನೆಟ್ಟಗೆ ಕೂತ. ಬೀರಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಮಾಸ್ತರೇ, ನಿಮ್ಮವ್ರು ಒಳ್ಳೇವ್ರು. ಗುಡಿಸ್ತ್ರು, ಔಷಧಿ ಕೊಡ್ತ್ರು. ಆದ್ರೆ ಐದ್ ವರ್ಷ ಆಯ್ತು, ನಮ್ಮನೆ ಒಂದ್ ಲೋಟ ನೀರು ಕುಡೀಲಿಲ್ಲ. ಬಾಟ್ಲಿ ತಕಂಡೇ ಬತ್ತ್ರು. ನಾವ್ ಎಂತಾ ಮಾಡೂದು, ನಮ್ಮ ಮನೆ ನೀರು ಅವ್ರಿಗೆ ಆಗೂದಿಲ್ಲ ಕಾಣ್ತದೆ ಅಂದ್ಕಂಡಿ ಸುಮ್ನಾದ್ವು. ಇಂದು ಈ ತಮ್ಮ ಬಂದ, ಹಗ್ಗ ಹಿಡದ, ನಮ್ಮ ಜನ್ರ ಹಾಂಗೇ ಜಗ್ಗದ. ಪಾಲು ಕೊಟ್ರೆ ತಕಂಡ. ನಮ್ಮ ಕೈಯಿಂದ ತಕಂಡವ್ರು ಇವ್ರೊಬ್ರೇ. ಇವ್ರೇ ಆಗ್ಲಿ."

ಬೀರಿಯ ಬೆರಳು ಮಧುಕರನ ಕಡೆ ತಿರುಗಿತ್ತು. ಮಾಸ್ತರರ ಕಣ್ಣು ಒದ್ದೆಯಾಯಿತು. "ಮಧುಕರ! ನೀನಾ? ಭೇಷ್! ನೀರು ಮುಟ್ಟಬಾರದು ಅಂತ ನಿಯಮ ಮಾಡಿದವನೇ ಅದನ್ನು ಮುರಿದೆಯಲ್ಲ, ನನಗೆ ಇದಕ್ಕಿಂತ ಸಂತೋಷ ಬೇರೆ ಇಲ್ಲ. ನೀನು ಮೀನು ಬಿಟ್ಟಾಗಲೇ ನನ್ನ ಮನಸ್ಸಿಗೆ ಹಿಡಿಸಿರಲಿಲ್ಲ. ಮೀನು ಹಿಡಿಯುವವರ ನಡುವೆ ಕೆಲಸ ಮಾಡುವವನು ಮೀನು ಬಿಟ್ಟು ಯಾರಿಗೆ ಉಪಕಾರ?"

ಮಧುಕರನ ಎದೆ ಹಿಗ್ಗಿತು, ಅದರ ಹಿಂದೆಯೇ ಕುಗ್ಗಿತು. ಬೀರಿ ಇನ್ನೂ ಕೂತಿರಲಿಲ್ಲ.

"ಚೀಲ ತಕಂಬನ್ನಿ, ತಮಾ. ನಾನು ಒಲೆ ಹಚ್ಚಿಟ್ಟಿ ಬಂದೆ. ಮಾಸ್ತರೂ ಇದ್ರು, ಎಲ್ಲಾ ಕೂಡೇ ಉಂಬ."

ಹೋಗಿ ಅಗೆದು ತಂದಿದ್ದರೆ ಮುಗಿಯುತ್ತಿತ್ತು. ಹೀಗಾಯಿತು, ಹೆದರಿದೆ, ಎಂದು ಹೇಳಿದ್ದರೂ ಮಾಸ್ತರರು ನಕ್ಕುಬಿಡುತ್ತಿದ್ದರು. ಆದರೆ ಮುಖ್ಯಸ್ಥನಾಗಿ ಎರಡು ನಿಮಿಷವೂ ಆಗದ ಮಧುಕರನಿಗೆ ಮರ್ಯಾದೆ ಅಡ್ಡ ಬಂತು.

"ಚೀಲ... ಆಗಲೇ ಮನೆಗೆ ಕಳಿಸಿಬಿಟ್ಟೆ, ಆಯಿ. ಗಾಯತ್ರಿಗೆ ಬಂಗಡೆ ಅಂದ್ರೆ ಬಹಳ ಇಷ್ಟ."

"ಆಗ್ಲಿ ಬಿಡಿ, ನಮ್ಮ ಮೀನು ನಿಮ್ಮನೆ ಒಲೆ ಮೇಲೆ ಬೆಂದ್ರೆ ನಮ್ಗೂ ಖುಷಿ" ಎಂದಳು ಬೀರಿ. ಅವಳ ಮುಖದಲ್ಲಿ ನಿಜವಾದ ಖುಷಿಯೇ ಇತ್ತು.

ಅಷ್ಟರಲ್ಲಿ ಸಂದೇಶ ಕೂಗಿದ. "ಅಯ್ಯೋ, ಅದು ನಮ್ಮ ಬಳಗದ ಚೀಲ ಅಲ್ವಾ?"

ದೋಣಿಗಳ ಸಂದಿಯಿಂದ ಒಂದು ಕೆಂದು ನಾಯಿ ಚೀಲವನ್ನು ಕಚ್ಚಿ ಎಳೆದುಕೊಂಡು ಬರುತ್ತಿತ್ತು. ಹಿಂದೆ ಅದೇ ಮೂರು ಬೆಕ್ಕುಗಳು. ಚಪ್ಪರದ ಎದುರಿಗೆ ಬಂದು ಜನರನ್ನು ನೋಡಿ ನಾಯಿ ಬೆದರಿ ಚೀಲ ಬಿಟ್ಟು ಓಡಿತು. ಬಂಗಡೆಗಳು ಮರಳು ಮೆತ್ತಿಕೊಂಡು ಹೊರಗೆ ಉರುಳಿದವು. 'ಸೇವೆಯೇ ಪೂಜೆ' ಎಂಬ ಕೆಂಪಕ್ಷರ ಮೇಲ್ಮುಖವಾಗಿ ಬಿದ್ದಿತ್ತು.

ಬೀರಿ ನಡೆದುಹೋಗಿ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಮೀನು ಎತ್ತಿ ಮರಳು ಕೊಡವಿ ಸೆರಗಿಗೆ ಹಾಕಿಕೊಂಡಳು. ಒಂಬತ್ತು ಸಿಕ್ಕಿದವು.

ಹೊನ್ನ ತಡೆಯಲಾರದೆ ಎದ್ದ. "ಇಂದು ಮೀನು ಕಮ್ಮಿ ಬಿದ್ದಿತ್ತು. ನಿಮ್ಗೆ ಹಾಕೂಕೆ ಪಾಲೇ ಉಳೀಲಿಲ್ಲಾಗಿತ್ತು. ಸೇವೆ ಮಾಡೂಕೆ ಬಂದವ್ರು ಬರಿ ಕೈಲಿ ಹೋಗ್ಬಾರ್ದು ಅಂದ್ಕಂಡಿ ಆಯಿ ತನ್ನ ಪಾಲು ನಿಮ್ಮ ಮುಂದೆ ಹಾಕ್ಸದ್ಲು. ನೀವು ಅದನ್ನ ಹುಗುದ್ರಾ?"

"ಸುಮ್ನಿರಾ ಹೊನ್ನಾ" ಎಂದಳು ಬೀರಿ. "ಪಾಪ, ಅವ್ರಿಗೆ ವ್ರತ ಇತ್ತು ಕಾಣ್ತದೆ. ನಾನೇ ಒತ್ತಾಯ ಮಾಡಿ ತುಂಬ್ದೆ. ತಪ್ಪು ನಂದೇ."

ಮಧುಕರನಿಗೆ ಅವಳು ಬಯ್ದಿದ್ದರೆ ಸಾಕಾಗಿತ್ತು. ಮಾಸ್ತರರು ಎದ್ದು ಬಂದು ಬೀರಿಯ ಪಕ್ಕದಲ್ಲಿ ನಿಂತರು. ಆಮೇಲೆ, ಕೇಣಿಯ ಕೆಲಸಕ್ಕೆ ಬಳಗದಿಂದ ಯಾರೂ ಬೇಡ, ಬೀರಿ ಆಯಿಯೇ ಮುಖ್ಯಸ್ಥೆ, ಬಳಗ ಅವಳು ಹೇಳಿದಂತೆ ಕೇಳಬೇಕು ಎಂದು ಹೇಳಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಸಂದೇಶ. ಮಾಸ್ತರರು ಆ ದಿನ ಬೀರಿಯ ಮನೆಯಲ್ಲೇ ಉಂಡರು. ಮಧುಕರನನ್ನೂ ಕರೆದರು. ಅವನಿಗೆ ಹೊಸ್ತಿಲು ದಾಟುವ ಮುಖವಿರಲಿಲ್ಲ. ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿ ಮಾಸ್ತಿಯ ರಿಕ್ಷಾ ಹತ್ತಿದ.

ಆ ವಾರವೆಲ್ಲ ಅವನಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಶನಿವಾರ ಗಾಯತ್ರಿಯ ಹತ್ತಿರ ಎಲ್ಲವನ್ನೂ ಹೇಳಿಕೊಂಡ. ಅವಳು ಕೇಳಿ ಮುಗಿಸಿ, "ಹನ್ನೊಂದು ತಿಂಗ್ಳು ಬಚ್ಚಲದಲ್ಲಿ ನಿಂತದ್ದು ಸಾಕು. ನಾಳೆ ಹೋಗಿ ಹಗ್ಗ ಎಳೀರಿ. ಪಾಲು ಕೊಟ್ರೆ ಎರಡೂ ಕೈಯಲ್ಲಿ ತಕಂಡು ಬನ್ನಿ. ನಾನು ಮಸಾಲೆ ಅರೆದಿಡ್ತೆ" ಎಂದಳು.

ಭಾನುವಾರ ಮಧುಕರ ಹಳೆಯ ಅಂಗಿ ಹಾಕಿಕೊಂಡು, ನೀರಿನ ಬಾಟಲಿ ಇಲ್ಲದೆ, ಒಗೆದ ಚೀಲ ಹೆಗಲಿಗೇರಿಸಿ ಬೆಳಕು ಹರಿಯುವಾಗಲೇ ಕೇಣಿಗೆ ಹೋದ. ಬೀರಿಯ ಮನೆಯಲ್ಲಿ ಕೇಳಿ ನೀರು ಕುಡಿದ. ಒಂದು ತಾಸು, ಅಂಗೈ ಬೊಬ್ಬೆ ಏಳುವವರೆಗೆ ಎಳೆದ. ಅಂದು ಬಲೆ ತುಂಬ ಬಂಗಡೆ. ಅವನು ಎಲ್ಲರ ಸಾಲಿನಲ್ಲಿ ನಿಂತು ಚೀಲದ ಬಾಯಿ ಬಿಡಿಸಿ ಹಿಡಿದ.

ಹೊನ್ನ ಪಾಲು ಹಾಕುತ್ತ ಬಂದ. ಮಧುಕರನ ಹತ್ತಿರ ಬಂದಾಗ ಬೀರಿ ಹಿಂದಿನಿಂದ ಹೊನ್ನನ ಕೈ ಹಿಡಿದಳು.

"ಅವ್ರಿಗೆ ಹಾಕ್ಬೇಡ, ಹೊನ್ನಾ. ಅವ್ರದ್ದು ಸೇವೆ. ಕೊಟ್ರೆ ಬೇಜಾರ ಮಾಡ್ಕಂತ್ರು."

ಅವಳ ದನಿಯಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಅವಳು ಮಧುಕರನ ಕಡೆ ತಿರುಗಿ ಕೈಮುಗಿದಳು, ದೇವಸ್ಥಾನಕ್ಕೆ ಬಂದ ದೊಡ್ಡವರಿಗೆ ಮುಗಿಯುವ ಹಾಗೆ. ಮಧುಕರ ಚೀಲವನ್ನು ಇನ್ನಷ್ಟು ಮುಂದೆ ಹಿಡಿದ. ಆದರೆ ಕೊಡಿ ಎಂದು ಕೇಳುವುದನ್ನು ಅವನು ಈ ಐದು ವರ್ಷದಲ್ಲಿ ಕಲಿತಿರಲಿಲ್ಲ. ಅವನೂ ಕೈಮುಗಿದ. ಹೊನ್ನ ಮುಂದಿನವನಿಗೆ ಪಾಲು ಹಾಕಿದ.

ಬಿಣಗಾದಲ್ಲಿ ಗಾಯತ್ರಿ ಮಸಾಲೆ ಅರೆದಿಟ್ಟು ಕಾಯುತ್ತಿದ್ದಳು.