ಪಾನಾ ಮುಟ್ಟಿ ಹೇಳಿದ ಮಾತು

ತಪ್ಪು ಮಾಡುವುದು ಸುಲಭ, ಒಪ್ಪಿಕೊಳ್ಳುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಅನುಭವ ಬೇರೆ. ಒಪ್ಪಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ಒಪ್ಪಿಕೊಂಡದ್ದನ್ನು ಎದುರಿಗಿದ್ದವರು ನಂಬುವಂತೆ ಮಾಡುವುದು ಕಷ್ಟ. ಒಂದೇ ತಪ್ಪನ್ನು ನಾನು, ಮನೆಯವಳ ಮುಂದೆ ಹೇಳಿದ್ದನ್ನು ಲೆಕ್ಕಕ್ಕೆ ಹಿಡಿಯದೆ, ಎರಡು ಸಲ, ಇಬ್ಬರ ಮುಂದೆ ಒಪ್ಪಿಕೊಂಡು ಎರಡು ಸಲವೂ ಸೋತಿದ್ದೇನೆ. ಇದು ಮೂರನೆಯ ಪ್ರಯತ್ನ. ವಯಸ್ಸು ಎಪ್ಪತ್ತೆಂಟು ದಾಟಿದೆ, ನಾಲ್ಕನೆಯದಕ್ಕೆ ಕಾಲಾವಕಾಶ ಇರುತ್ತದೋ ಇಲ್ಲವೋ. ಆದ್ದರಿಂದ ದಯವಿಟ್ಟು ನೀವಾದರೂ ಗಮನವಿಟ್ಟು ಕೇಳಬೇಕು.

ನನಗಿರುವ ಕಾಯಿಲೆಯ ಹೆಸರು ಕುತೂಹಲ. ಮುಚ್ಚಿದ ಯಾವ ವಸ್ತುವನ್ನು ಕಂಡರೂ ಒಳಗೇನಿದೆ ಎಂದು ನೋಡದೆ ನನಗೆ ಸಮಾಧಾನವಿಲ್ಲ. ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಅಲಾರಾಂ ಗಡಿಯಾರ ಬಿಚ್ಚಿದೆ. ಮತ್ತೆ ಜೋಡಿಸಿದ ಮೇಲೆ ಅದು ಗಂಟೆಗೊಮ್ಮೆ ಹೊಡೆದುಕೊಳ್ಳುತ್ತಿತ್ತು, ಮುಳ್ಳು ಮಾತ್ರ ಕದಲುತ್ತಿರಲಿಲ್ಲ. ನಮ್ಮ ಚರಿತ್ರೆಯ ಮೇಷ್ಟ್ರು ಒಮ್ಮೆ ತರಗತಿಯನ್ನೆಲ್ಲ ಚಂದ್ರವಳ್ಳಿಗೆ ನಡೆಸಿಕೊಂಡು ಹೋಗಿ, ಅಲ್ಲಿ ನೆಲ ಅಗೆದವರು ಒಂದೊಂದು ಮಡಕೆಚೂರನ್ನೂ ಎತ್ತುವ ಮೊದಲು ಅದು ಎಲ್ಲಿತ್ತೆಂದು ಬರೆದುಕೊಂಡು, ಗುರುತು ಹಾಕಿಯೇ ಎತ್ತುತ್ತಿದ್ದರೆಂದು ವಿವರಿಸಿದರು. ಉಳಿದ ಹುಡುಗರು ಮಂಡಕ್ಕಿ ತಿನ್ನುತ್ತಿದ್ದರು. ನಾನೊಬ್ಬನೇ ಬಾಯಿ ಬಿಟ್ಟುಕೊಂಡು ಕೇಳಿದೆ. ಕೇಳಿದ್ದು ಅಷ್ಟೇ, ಕಲಿತದ್ದು ಏನೂ ಇಲ್ಲ. ಕಲಿತಿದ್ದರೆ ಈ ಪ್ರಬಂಧವೇ ಬೇಕಾಗುತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ದುರ್ಗದ ಒಂದು ಹತ್ತಿ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ತುರುವನೂರು ರಸ್ತೆಯ ಕಡೆ ಎರಡು ಕೋಣೆಯ ಬಾಡಿಗೆ ಮನೆ. ಪಕ್ಕದ ಮನೆಯಲ್ಲಿ ತಿಪ್ಪೇಸ್ವಾಮಿ ಎಂಬ ಬಾಡಿಗೆ ಕಾರಿನವನು, ಅವನ ಹೆಂಡತಿ ಕೆಂಚಮ್ಮ, ಮತ್ತು ಕರಿಯವ್ವ. ಕರಿಯವ್ವ ಎಂದರೆ ಕಾರು. ಬ್ರಿಟಿಷರ ಕಾಲದಲ್ಲಿ ವಿಲಾಯತಿಯಿಂದ ಬಂದ ಕರಿಯ ಬಣ್ಣದ ಗಾಡಿ, ಮುಂದೆ ಎರಡು ದೊಡ್ಡ ಕಣ್ಣು, ಬಾಗಿಲ ಪಕ್ಕದಲ್ಲಿ ಕೈಯಿಂದ ಹಿಂಡುವ ರಬ್ಬರ್ ಗುಂಡಿನ ಹಿತ್ತಾಳೆ ಹಾರನ್ನು. ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ಆ ಜಾತಿಯ ಗಾಡಿ ಇದ್ದದ್ದು ಅದೊಂದೇ. ಮದುವೆ ಕಾಲದಲ್ಲಿ ಹೊಳಲ್ಕೆರೆ, ಹೊಸದುರ್ಗದಿಂದೆಲ್ಲ ಅದಕ್ಕೆ ಕರೆ ಬರುತ್ತಿತ್ತು. ಆಗ ತಿಪ್ಪೇಸ್ವಾಮಿಯ ಜೊತೆ ಸರದಿಯ ಮೇಲೆ ಕಾರು ಓಡಿಸಲು ಕೆಂಚಮ್ಮನ ತಮ್ಮ ನಾಗರಾಜ ಹೊಳಲ್ಕೆರೆಯಿಂದ ಬರುತ್ತಿದ್ದ. ಭಾವ, ಭಾಮೈದ ಇಬ್ಬರಿಗೂ ಆ ಕಾರಿನ ಮೇಲೆ ಒಂದೇ ಸಮನೆ ಪ್ರೀತಿ. ಅದಕ್ಕೇ ಜಗಳವೂ ಆಗುತ್ತಿತ್ತು.

ಒಮ್ಮೆ ತಿಪ್ಪೇಸ್ವಾಮಿ ದಂಪತಿ ಹರಕೆ ತೀರಿಸಲು ಹೊರಕೆರೆದೇವಪುರಕ್ಕೆ ಹೋದರು. ಹೋದದ್ದು ಬಸ್ಸಿನಲ್ಲಿ, ಏಕೆಂದರೆ ಕರಿಯವ್ವ ಕುಡಿಯುವ ಪೆಟ್ರೋಲು ಬಾಡಿಗೆಗೆ ಕರೆದವರು ಮಾತ್ರ ಭರಿಸಬಲ್ಲಂಥದ್ದು. ಕಾರಿನ ಕೀಲಿಕೈ ನನ್ನ ಕೈಗಿತ್ತು, ಗಾಡಿ ಕಡೆ ಒಂದು ಕಣ್ಣಿಟ್ಟಿರಬೇಕೆಂದು ಹೇಳಿಹೋದ. ನಾನು ಎರಡೂ ಕಣ್ಣಿಟ್ಟೆ. ಅಂದು ಮಂಡಿಗೆ ರಜೆ. ನಮ್ಮ ಮನೆಯ ಮಂಚದ ಕೆಳಗೆ ಹೊಸದುರ್ಗದ ನನ್ನ ಸೋದರಮಾವ ಬಿಟ್ಟುಹೋದ ಒಂದು ಕಬ್ಬಿಣದ ಟ್ರಂಕಿತ್ತು. ಆತ ಒಬ್ಬ ಜಮೀನ್ದಾರರ ಕಾರಿಗೆ ಮೆಕ್ಯಾನಿಕ್ಕಾಗಿದ್ದವನು. ಟ್ರಂಕಿನ ತುಂಬ ಹಳೆಯ ಬಿಡಿಭಾಗಗಳು, ನಾಲ್ಕೈದು ಪಾನಾಗಳು. ನಟ್ಟು ತಿರುಗಿಸುವ ಪಾನಾ ಮನೆಯಲ್ಲಿರುವಾಗ, ಬಿಚ್ಚಬಹುದಾದ ಎಂಜಿನ್ನು ಅಂಗಳದಲ್ಲಿರುವಾಗ, ನನ್ನಂಥವನು ಕೈಕಟ್ಟಿ ಎಷ್ಟು ಹೊತ್ತು ಕೂರಬಹುದು? ಊಟದ ತನಕ ಕೂತೆ.

ಬಾನೆಟ್ಟು ಎತ್ತಿ ಕಾರ್ಬುರೇಟರಿನ ಮುಚ್ಚಳ ತೆಗೆದೆ. ಎಷ್ಟು ಚೆಂದವಿತ್ತೆಂದರೆ, ಪುಟ್ಟ ಬಟ್ಟಲಿನಷ್ಟು ಜಾಗದಲ್ಲಿ ಪೆಟ್ರೋಲಿನ ಮೇಲೆ ಹಿತ್ತಾಳೆಯ ಒಂದು ಬುರುಡೆ ತೇಲುತ್ತಿತ್ತು, ನಮ್ಮೂರ ಕೆರೆಯ ಮೇಲಿನ ಸೋರೆಬುರುಡೆಯ ಹಾಗೆ. ಅದನ್ನು ಬೆರಳಲ್ಲಿ ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಒಂದು ಗಂಟೆ ಹೋದದ್ದೇ ತಿಳಿಯಲಿಲ್ಲ. ಆಮೇಲೆ ಎಲ್ಲವನ್ನೂ ಇದ್ದ ಹಾಗೇ ಇಟ್ಟು ಮುಚ್ಚಿದೆ. ಬಚ್ಚಲಿಗೆ ಹೋಗಿ ಕೈ ತೊಳೆದು ಹೆಗಲ ಮೇಲಿನ ಟವೆಲ್ ಕೊಡವಿದಾಗ ಅದರ ಮಡಿಕೆಯಿಂದ ಜೀರಿಗೆಗಿಂತ ಸ್ವಲ್ಪ ದೊಡ್ಡದಾದ ಒಂದು ಹಿತ್ತಾಳೆ ಸೂಜಿ ಟಣ್ಣೆಂದು ಬಿತ್ತು. ಇಷ್ಟು ಸಣ್ಣದಕ್ಕೆ ಅಷ್ಟು ದೊಡ್ಡ ಗಾಡಿಯಲ್ಲಿ ಏನು ಕೆಲಸವಿದ್ದೀತು ಎಂದುಕೊಂಡು ಮಾವನ ಟ್ರಂಕಿಗೆ ಹಾಕಿದೆ.

ಕೆಲಸವಿತ್ತು. ಬಟ್ಟಲು ತುಂಬಿದಾಗ ಪೆಟ್ರೋಲಿನ ದಾರಿ ಮುಚ್ಚುವುದೇ ಆ ಸೂಜಿ. ತಿಪ್ಪೇಸ್ವಾಮಿ ಹಿಂದಿರುಗಿ ಕಾರು ಶುರು ಮಾಡಿದಾಗ ಪೆಟ್ರೋಲು ಉಕ್ಕಿ ಅಂಗಳವೆಲ್ಲ ಹರಿಯಿತು. ಬಿಚ್ಚಿ ನೋಡಿ, ಸೂಜಿಯನ್ನು ಯಾರೋ ಬೇಕೆಂದೇ ಎಗರಿಸಿದ್ದಾರೆ, ಅವರ ಕೈ ಮುರಿಯುತ್ತೇನೆ ಎಂದು ಕೂಗಾಡಿದ. ನಾನು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ತಾನಿಲ್ಲದಾಗ ಯಾರಾದರೂ ಬಂದಿದ್ದರೇ ಎಂದು ಅವನು ನನ್ನನ್ನೇ ಕೇಳಿದ. ನಾಗರಾಜ ಬಂದಿದ್ದ, ಮನೆಯ ಬೀಗ ನೋಡಿ ಹೋದ ಎಂದೆ. ಅದು ನಿಜವೇ. ನಾನು ಸುಳ್ಳು ಹೇಳುವವನಲ್ಲ. ನಿಜವನ್ನೇ ಆರಿಸಿ ಹೇಳುವವನು. ಹಿಂದಿನ ವಾರವಷ್ಟೇ ಜಗಳವಾಡಿ, ನಾನಿಲ್ಲದೆ ಈ ಗಾಡಿ ಹ್ಯಾಗೆ ಓಡ್ತದೋ ನೋಡ್ತೀನಿ ಎಂದು ನಾಗರಾಜ ಹೇಳಿಹೋಗಿದ್ದನಂತೆ. ಅಲ್ಲಿಗೆ ತಿಪ್ಪೇಸ್ವಾಮಿಗೆ ಸಾಕ್ಷಿ ಪೂರ್ತಿಯಾಯಿತು. ಇನ್ನು ಮುಂದೆ ನಾಗರಾಜ ಈ ಹೊಸಿಲು ತುಳಿಯಬಾರದು, ಕೆಂಚಮ್ಮ ತವರಿನ ಹೆಸರೆತ್ತಬಾರದು ಎಂದು ಅಪ್ಪಣೆಯಾಯಿತು.

ಸೂಜಿಯನ್ನು ಕಾರಿನ ಕೆಳಗೆ ಮೆಲ್ಲಗೆ ಬೀಳಿಸಿ, ಅವನಿಗೇ ಸಿಗುವಂತೆ ಮಾಡೋಣವೆಂದು ಮೂರು ಸಲ ಹೋದೆ. ಮೂರು ಸಲವೂ ಬೀದಿಯವರು ಯಾರಾದರೂ ಬಂದು, ಏನು ಕಳಕೊಂಡ್ರಿ ಗುಮಾಸ್ತ್ರೇ ಎಂದು ಬಗ್ಗಿ ಹುಡುಕಲು ಶುರುಮಾಡುತ್ತಿದ್ದರು. ಒಮ್ಮೆ ತಿಪ್ಪೇಸ್ವಾಮಿಯೇ ಬಂದು ಹುಡುಕಿದ. ಚಾಳೀಸು ಬಿತ್ತು ಎಂದೆ. ಚಾಳೀಸು ನನ್ನ ಮೂಗಿನ ಮೇಲೇ ಇತ್ತು.

ಇಷ್ಟರಲ್ಲಿ ನನ್ನ ಹೆಂಡತಿ ಗೌರಮ್ಮ ಆ ಟ್ರಂಕು ಎಡವಿ ಕಾಲ್ಬೆರಳು ಜಜ್ಜಿಕೊಂಡು, ಈ ಮನೆಯಲ್ಲಿ ಒಂದೋ ಅದಿರಬೇಕು, ಇಲ್ಲ ತಾನಿರಬೇಕು ಎಂದಳು. ಆಗ ನನಗೆ ಹಿರಿಯೂರಿನ ಅಮಾವಾಸ್ಯೆ ಸಂತೆ ನೆನಪಾಯಿತು. ನಮ್ಮ ಕಡೆ ಅಮಾವಾಸ್ಯೆ ದಿನ ಯಾವ ಮೆಕ್ಯಾನಿಕ್ಕೂ ಪಾನಾವನ್ನು ನಟ್ಟಿಗೆ ಹಚ್ಚುವುದಿಲ್ಲ. ಗಾಡಿ ತೊಳೆದು, ಕುಂಕುಮವಿಟ್ಟು, ಗಾಲಿಗೆ ನಿಂಬೆಹಣ್ಣು ಇಟ್ಟರೆ ಅಂದಿನ ಕೆಲಸ ಮುಗಿಯಿತು. ಕೈ ಸುಮ್ಮನಿರದ ಮೆಕ್ಯಾನಿಕ್ಕುಗಳು, ಡ್ರೈವರುಗಳು ಆ ದಿನ ಹಿರಿಯೂರಿನ ರಸ್ತೆ ಪಕ್ಕದ ಹುಣಿಸೆಮರಗಳ ಕೆಳಗೆ ಸೇರಿ, ಗೋಣಿಚೀಲ ಹಾಸಿ, ಹಳೆಯ ಬಿಡಿಭಾಗಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದರು. ದುಡ್ಡಿನ ಮಾತು ಕಡಿಮೆ, ವಸ್ತುವಿಗೆ ವಸ್ತು. ಆದರೆ ಪಾನಾ ಹಚ್ಚುವಂತಿಲ್ಲವಾದ್ದರಿಂದ ಯಾವುದನ್ನೂ ಗಾಡಿಗೆ ಜೋಡಿಸಿ ಪರೀಕ್ಷಿಸುವ ಹಾಗಿರಲಿಲ್ಲ. ಅದಕ್ಕೊಂದು ಕಟ್ಟಳೆ ಇತ್ತು. ಪ್ರತಿ ಗೋಣಿಯ ಮೇಲೂ ಕುಂಕುಮ ಹಚ್ಚಿದ ಒಂದು ಪಾನಾ. ಕೊಡುವವನು ಅದನ್ನು ಮುಟ್ಟಿ, ಇದು ಎಲ್ಲಿಂದ ಬಂತು, ಹೇಗಿದೆ ಎಂದು ಹೇಳಬೇಕು. ಹೇಳಿದ ಮೇಲೆ ಅದೇ ಕೊನೆ ಮಾತು.

ನನ್ನ ಉಪಾಯ ಹೀಗಿತ್ತು: ಸೂಜಿಯನ್ನು ಅಲ್ಲಿ ಯಾರೋ ಅಪರಿಚಿತನಿಗೆ ದಾಟಿಸುವುದು, ಆಮೇಲೆ ಅವನ ಹತ್ತಿರ ಅಂಥದ್ದೊಂದು ಇದೆಯಂತೆ ಎಂದು ತಿಪ್ಪೇಸ್ವಾಮಿಗೆ ಸುಳಿವು ಕೊಡುವುದು. ಮೂರನೆಯವರ ಕೈದಾಟಿ ಬಂದರೆ ಸೂಜಿಗೆ ಅಂಟಿದ ನನ್ನ ಹೆಸರು ತೊಳೆದುಹೋಗುತ್ತದೆ. ಆದರೆ ನಾನು ಹಿರಿಯೂರಿಗೆ ಹೊರಟದ್ದು ತಿಳಿದ ತಿಪ್ಪೇಸ್ವಾಮಿ, ಲೇತ್ ಯಂತ್ರದವನು ಮಾಡಿಕೊಟ್ಟ ಮೂರು ಸೂಜಿಯೂ ಕೂರಲಿಲ್ಲ, ಅಲ್ಲಿ ಹುಡುಕಬೇಕು, ನಾನೂ ಬರುತ್ತೇನೆ ಎಂದ. ಟ್ರಂಕನ್ನು ಬಸ್ಸಿನ ಟಾಪಿಗೆ ಏರಿಸಿದವನು ಅವನೇ, ಇಳಿಸಿ ಹೆಗಲ ಮೇಲೆ ಹೊತ್ತು ಹುಣಿಸೆಮರದ ತನಕ ತಂದವನೂ ಅವನೇ. ಹಿಂದೆ ನಾನು ಕೊಡೆ ಹಿಡಿದು ನಡೆದೆ.

ಸಂತೆ ಕಂಡು ನಾನು ಬಂದ ಉದ್ದೇಶವನ್ನೇ ಮರೆತೆ. ಇದೇನು, ಅದೇಕೆ ಎಂದು ಗೋಣಿಯಿಂದ ಗೋಣಿಗೆ ಕೇಳುತ್ತ ಹೋದೆ. ಒಬ್ಬ ಕುರಿಗಾಹಿ ಹೊಸ ಕಂಬಳಿ ಕೊಟ್ಟು, ವೇಗ ತೋರಿಸುವ ಸ್ಪೀಡೋಮೀಟರ್ ತೆಗೆದುಕೊಳ್ಳುತ್ತಿದ್ದ. ಕುರಿ ಹಿಂದೆ ನಡೆಯೋನಿಗೆ ಇದು ಯಾಕಪ್ಪ ಎಂದು ಕೇಳಿದೆ. ಗಾಜಿನೊಳಗೆ ಒಂದು ಮುಳ್ಳು ಒಬ್ಬಂಟಿಯಾಗಿ ಕೂತಿದೆ, ನೋಡಲು ಚೆಂದ ಎಂದ. ನನ್ನ ಜಾತಿಯ ಇನ್ನೊಬ್ಬ ಮನುಷ್ಯನನ್ನು ನಾನು ಕಂಡದ್ದು ಅದೇ ಮೊದಲು.

ಟ್ರಂಕಿನ ಸಾಮಾನು ಹರವಿದ್ದ ನನ್ನ ಗೋಣಿಗೆ ಮರಳಿದಾಗ ಹೊಸದುರ್ಗದ ಹುಸೇನ್ ಸಾಬ್ ಎಂಬ ಹಿರಿಯ ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ತಿಪ್ಪೇಸ್ವಾಮಿ ದೂರದ ಮರದಡಿ ಇದ್ದ. ಇದೇ ಸಮಯವೆಂದು ಸೂಜಿಯನ್ನು ಅವರ ಅಂಗೈಗೆ ಹಾಕಿ, ನೀವೇ ಇಟ್ಟುಕೊಳ್ಳಿ, ಬದಲಿಗೆ ಏನೂ ಬೇಡ ಎಂದೆ. ಅವರು ಬಿಸಿಲಿಗೆ ಹಿಡಿದು ನೋಡಿದರು.

"ಇದು ನಂಗ್ಯಾಕೆ ಬಿಡ್ರಿ. ಈ ನಮೂನಿ ಗಾಡಿ ನಮ್ ಸೀಮೇಲಿ ಇರದೇ ಒಂದು," ಎಂದವರೇ ಸಂತೆಗೆಲ್ಲ ಕೇಳುವಂತೆ ಕೂಗಿದರು, "ಏ ತಿಪ್ಪಣ್ಣ, ಬಾ ಇಲ್ಲಿ, ನಿನ್ ಕರಿಯವ್ವನ ಮೂಗುಬಟ್ಟು ಸಿಕ್ಕೈತೆ."

ತಿಪ್ಪೇಸ್ವಾಮಿ ಓಡಿಬಂದ. ಸೂಜಿಯನ್ನು ಬೆರಳ ತುದಿಯಲ್ಲಿ ಹಿಡಿದು ತಿರುಗಿಸಿದ.

"ಗುಮಾಸ್ತ್ರೇ, ಎಲ್ಲಿಂದ ಬಂತು ಇದು? ಪಾನಾ ಮುಟ್ಟಿ ಹೇಳ್ರಿ."

ಪಾನಾ ಮುಟ್ಟಿದೆ. ಬಿಸಿಲಿಗೆ ಕಾದಿತ್ತು. "ನಮ್ಮ ಮಾವನ ಟ್ರಂಕಿನಿಂದ," ಎಂದೆ.

ಮತ್ತೆ ನಿಜವೇ. ಟ್ರಂಕಿನಿಂದಲೇ ತೆಗೆದದ್ದು. ತಿಪ್ಪೇಸ್ವಾಮಿ ಸೂಜಿಯನ್ನು ಕಣ್ಣಿಗೊತ್ತಿಕೊಂಡು, ಆ ಜಮೀನ್ದಾರರ ಗಾಡಿಯೂ ಹಿಂದೆ ಇದೇ ಜಾತಿಯದಿದ್ದಿರಬೇಕು, ನಿಮ್ಮ ಮಂಚದ ಕೆಳಗೇ ಇದ್ದದ್ದನ್ನು ಊರೂರು ಹುಡುಕಿದೆನಲ್ಲ ಎಂದು ನಕ್ಕ. ಬದಲಿ ಕೊಡದೆ ಒಯ್ಯುವುದು ಕಟ್ಟಳೆಗೆ ವಿರುದ್ಧ. ಬೇಡವೆಂದರೂ ಕೇಳದೆ ಚೀಲದಿಂದ ಕರಿಯವ್ವನ ಹಿತ್ತಾಳೆ ಹಾರನ್ನನ್ನು ತೆಗೆದು ನನ್ನ ಮಡಿಲಿಗಿಟ್ಟ. ಸೂಜಿ ಸಿಕ್ಕರೆ ಕೊಡಲೆಂದು, ತನಗೆ ಅತಿ ಪ್ರಿಯವಾದದ್ದನ್ನೇ ಬಿಚ್ಚಿ ತಂದಿದ್ದ. ಹೀಗೆ ನಾನು ಒಬ್ಬನ ಸೂಜಿಯನ್ನು ಅವನಿಗೇ ಕೊಟ್ಟು ಅವನ ಹಾರನ್ನನ್ನೂ ಪಡೆದೆ.

ಮರುದಿನ ಕರಿಯವ್ವ ಓಡಿತು. ಹಾರನ್ ಇಲ್ಲದ್ದರಿಂದ ತಿಪ್ಪೇಸ್ವಾಮಿ ತಿರುವಿನಲ್ಲೆಲ್ಲ ಕಿಟಕಿಯಿಂದ ತಲೆ ಹೊರಹಾಕಿ ಹೋಯ್ ಹೋಯ್ ಎಂದು ಕೂಗುತ್ತಿದ್ದ. ನನಗೆ ಪ್ರತಿ ಕೂಗೂ ಎದೆಗೆ ತಾಗುತ್ತಿತ್ತು. ಆದರೆ ನಾಗರಾಜನ ಮೇಲಿನ ಸಿಟ್ಟು ಇಳಿಯಲಿಲ್ಲ. ಬದಲಿ ಸೂಜಿ ಸಿಕ್ಕಿದ ಮಾತ್ರಕ್ಕೆ ಕಳ್ಳ ಕಳ್ಳನಲ್ಲ ಎಂದಾಗುತ್ತದೆಯೇ? ಗೌರಿಹಬ್ಬ ಹತ್ತಿರ ಬಂತು. ಈ ಸಲ ತವರಿನ ಬಾಗಿನವನ್ನು ನಾಗರಾಜ ತರುವಂತಿಲ್ಲವೆಂದು ಕೆಂಚಮ್ಮ ನಲ್ಲಿಯ ಹತ್ತಿರ ಕೊಡ ತುಂಬಿ ಚೆಲ್ಲುತ್ತಿದ್ದರೂ ತಿಳಿಯದೆ ಅತ್ತಳೆಂದು ಗೌರಮ್ಮ ಬಂದು ಹೇಳಿದಳು. ಆ ದಿನ ನನಗೆ ಅನ್ನ ಇಳಿಯಲಿಲ್ಲ.

ಬೆಳಿಗ್ಗೆ ಹಾರನ್ನು ಕಂಕುಳಲ್ಲಿಟ್ಟುಕೊಂಡು ಹೋದೆ. ತಿಪ್ಪೇಸ್ವಾಮಿ ಕಾರು ತೊಳೆಯುತ್ತಿದ್ದ. ಸೂಜಿ ತೆಗೆದವನು ನಾನೇ, ನಾಗರಾಜನ ತಪ್ಪಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅವನು ಬಟ್ಟೆ ಹಿಂಡುತ್ತ ನನ್ನನ್ನು ನೋಡಿದ.

"ನೀವು? ಕಾರ್ಬುರೇಟರ್ ಬಿಚ್ಚಿದ್ರಾ?"

"ಹೌದಪ್ಪ."

"ಬರ್ರಿ ಇಲ್ಲಿ. ಇವತ್ತು ಅಮಾಸೆ ಅಲ್ಲ. ತಗಳ್ರಿ ಪಾನಾ, ಬಿಚ್ಚಿ ತೋರಿಸ್ರಿ ನೋಡಾಣ."

ನನ್ನ ಪ್ರಾಮಾಣಿಕತೆಗೆ ಸಿಕ್ಕ ಒಂದೇ ಅವಕಾಶ ಅದು. ಪಾನಾ ಹಚ್ಚಿ, ಬಲವೆಲ್ಲ ಹಾಕಿ ತಿರುಗಿಸಿದೆ. ನಟ್ಟು ಇನ್ನಷ್ಟು ಬಿಗಿಯಾಯಿತು. ಬಿಚ್ಚುವುದು ಯಾವ ಕಡೆಗೆಂದು ನನಗೆ ಅಂದೂ ಗೊತ್ತಿರಲಿಲ್ಲ. ಎರಡೂ ಕಡೆ ತಿರುಗಿಸಿ, ಯಾವುದಕ್ಕೆ ಬಂತೋ ಅದಕ್ಕೆ ತೆಗೆದಿದ್ದೆ. ಇದನ್ನು ವಿವರಿಸುವಷ್ಟರಲ್ಲಿ ಪಾನಾ ಜಾರಿ ನನ್ನ ಕಾಲ ಮೇಲೆ ಬಿತ್ತು. ತಿಪ್ಪೇಸ್ವಾಮಿ ಅದನ್ನೆತ್ತಿಕೊಂಡು ಬಹಳ ಹೊತ್ತು ನಕ್ಕ. ಆಮೇಲೆ ಪಾನಾ ಬದಿಗಿಟ್ಟ. ಕಣ್ಣು ಒದ್ದೆಯಾಗಿತ್ತು.

"ಕುಂತ್ಕಳ್ರಿ ಗುಮಾಸ್ತ್ರೇ. ನಮ್ ಮನೆ ಒಂದಾಗ್ಲಿ ಅಂತ ಇಂಥ ಕಳ್ಳತನಾನ ಮೈಮೇಲೆ ಹಾಕ್ಕಂತೀರಲ್ಲ. ನೀವು ಹೊರಗಿನೋರು ಇಷ್ಟು ಮಾಡ್ತೀರಿ, ನಾನು ಸ್ವಂತ ಭಾಮೈದನ್ನ ದೂರ ಇಟ್ಟೀನಿ."

ನಾನು ಎಷ್ಟು ಹೇಳಿದರೆ ಅಷ್ಟು ದೊಡ್ಡ ಮನುಷ್ಯನಾಗುತ್ತ ಹೋದೆ. ಕೊನೆಗೆ ಹಾರನ್ನಾದರೂ ವಾಪಸ್ ತಗೋ ಎಂದೆ. ಅಮಾವಾಸ್ಯೆ ಸಂತೆಯಲ್ಲಿ ಕೊಟ್ಟದ್ದು ಹಿಂದಕ್ಕೆ ಬರುವುದಿಲ್ಲ ಎಂದ. ಅಂದೇ ಕರಿಯವ್ವನನ್ನು ಹೊಳಲ್ಕೆರೆಗೆ ಓಡಿಸಿ, ಸಂಜೆಗೆ ನಾಗರಾಜನನ್ನು ಬಾಗಿನದ ಮೊರದ ಸಮೇತ ಕೂರಿಸಿಕೊಂಡು ಬಂದ. ಹೋಯ್ ಎಂಬ ಕೂಗು ಅಂದು ಎರಡು ದನಿಯಲ್ಲಿ ಕೇಳಿಸಿತು.

ಮುಂದಿನ ವರ್ಷ ನಾಗರಾಜನ ಮದುವೆ. ಮನೆ ಒಂದು ಮಾಡಿದ ಹಿರಿಯರೆಂದು ನನ್ನನ್ನು ಮೆರವಣಿಗೆಯಲ್ಲಿ ಕರಿಯವ್ವನ ಮುಂದಿನ ಸೀಟಿನಲ್ಲಿ ಕೂರಿಸಿದರು. ಚೀಲದಲ್ಲಿ ಹಾರನ್ನು ಒಯ್ದಿದ್ದೆ. ತಿರುವು ಬಂದಾಗಲೆಲ್ಲ ಹಿಂಡಿದೆ. ಪ್ರಾಯಶ್ಚಿತ್ತವೆಂದು ನನ್ನಿಂದ ಮಾಡಲಾದದ್ದು ಅಷ್ಟೇ. ಊಟದ ಪಂಕ್ತಿಯಲ್ಲಿ ಮದುಮಗ ತಾನೇ ಹೋಳಿಗೆ ಬಡಿಸುತ್ತ ನನ್ನ ಪಕ್ಕ ಬಗ್ಗಿ, ಕಿವಿಯಲ್ಲಿ, ತನಗಾಗಿ ನಾನು ಹೇಳಿದ ಸುಳ್ಳನ್ನು ತಾನು ಬದುಕಿರುವ ತನಕ ಮರೆಯುವುದಿಲ್ಲ, ಆದರೆ ದೇವರಾಣೆಗೂ ಆ ಸೂಜಿ ತೆಗೆದದ್ದು ತಾನಲ್ಲ, ಹಾಗಾದರೆ ತೆಗೆದವರು ಯಾರಿರಬಹುದು ಎಂದು ಕೇಳಿದ.

"ನಾನೇ ಕಣಪ್ಪ," ಎಂದೆ.

ಅವನು ನಕ್ಕ ರಭಸಕ್ಕೆ ಬಾಸಿಂಗ ವಾಲಿತು. ನನ್ನ ಎಲೆಗೆ ಇನ್ನೆರಡು ಹೋಳಿಗೆ ಬಿತ್ತು. ನಾಚಿಕೆಯಾಯಿತು, ಆದರೂ ತಿಂದೆ.

ಈಗ ಕರಿಯವ್ವನೂ ಇಲ್ಲ, ತಿಪ್ಪೇಸ್ವಾಮಿಯೂ ಇಲ್ಲ. ಹಾರನ್ನು ಮಾತ್ರ ನನ್ನ ಮಂಚದ ಪಕ್ಕದ ಗೂಟದಲ್ಲಿ ತೂಗುತ್ತಿದೆ. ನೆಂಟರು ಬಂದಾಗ ಗೌರಮ್ಮ ಅದನ್ನು ತೋರಿಸಿ, ನಮ್ಮೋರು ಒಬ್ಬರ ಮನೆ ಉಳಿಸಿದ್ದಕ್ಕೆ ಸಿಕ್ಕಿದ್ದು ಎನ್ನುತ್ತಾಳೆ. ಇಲ್ಲ, ಸೂಜಿ ಕದ್ದದ್ದಕ್ಕೆ ಸಿಕ್ಕಿದ್ದು ಎಂದು ನಾನು ತಿದ್ದಿದರೆ, ಇವರು ಮೊದಲಿನಿಂದಲೂ ಹೀಗೇ, ಮಾಡಿದ ಒಳ್ಳೆಯದನ್ನು ಹೇಳಿಕೊಳ್ಳುವವರಲ್ಲ ಎಂದು ಮುಗಿಸಿಬಿಡುತ್ತಾಳೆ. ಆದ್ದರಿಂದಲೇ ಇದನ್ನೆಲ್ಲ ಬರೆದು ನಿಮ್ಮ ಮುಂದಿಟ್ಟಿದ್ದೇನೆ. ಸೂಜಿ ತೆಗೆದವನು ನಾನೇ. ಮಾವನ ಟ್ರಂಕಿನ ಒಂದು ಪಾನಾ ಇನ್ನೂ ನನ್ನ ಹತ್ತಿರವಿದೆ. ಬೇಕಿದ್ದರೆ ಅದನ್ನು ಮುಟ್ಟಿ ಹೇಳುತ್ತೇನೆ. ಆದರೆ ನಾನು ಪಾನಾ ಮುಟ್ಟಿ ಹೇಳಿದ ಮಾತು ಎಂಥದ್ದೆಂದು ಈಗ ನಿಮಗೂ ಗೊತ್ತಾಗಿಬಿಟ್ಟಿದೆಯಲ್ಲ.