ಅಡಿಗೆ ಏನಾಯ್ತದವ್ವಾ?

ಹಗ್ಗ, ಪೈಪು, ತಂತಿ ಎಲ್ಲವನ್ನೂ ಅಳೆದು ಮಾರುವ ಅಂಗಡಿ ನಮ್ಮದು; ಅಲ್ಲಿ ನಡೆಯುವ ಎಡವಟ್ಟುಗಳಿಗೆ ಮಾತ್ರ ಅಳತೆಯಿಲ್ಲ. ಚಾಮರಾಜನಗರದ ಕಡೆಯಿಂದ ಗಡಿಯಾಚೆ ತಮಿಳುನಾಡಿನ ತಾಳವಾಡಿಗೆ ಸೊಸೆಯಾಗಿ ಬಂದ ಹೊಸತು. ಒಲೆ ಮುಂದೆ ಕೂತು ಬೇಸತ್ತು, ಅಂಗಡಿ ನಾನು ನೋಡಿಕೊಳ್ಳುತ್ತೇನೆ ಎಂದು ಮಾವನ ಬೆನ್ನು ಬಿದ್ದೆ. "ಮೂರ್ ದಿವ್ಸ ಕುಂತ್ಕೊ. ಅಳತ ತಪ್ಪುದ್ರ ಮತ್ತ ಈ ಕಡ ತಲ ಆಕ್ಬ್ಯಾಡ," ಎಂದರು. ನನಗೋ ಗಲ್ಲಾಪೆಟ್ಟಿಗೆ ಮುಂದಿನ ಆ ಕುರ್ಚಿ ಬೇಕೇ ಬೇಕಿತ್ತು.

ಅಭಯಹಸ್ತ

ಮೊದಲ ದಿನವೇ ಸತ್ಯಮಂಗಲದ ಲಾರಿ ಡ್ರೈವರೊಬ್ಬರು ಬಂದು, "ಅಂಜು ಮೀಟರ್ ಕಯಿರು," ಎಂದರು. ಕಯಿರು ಎಂದರೆ ಹಗ್ಗ, ಅಷ್ಟು ತಮಿಳು ಕಲಿತಿದ್ದೆ. ಅಂಜುವುದು ಯಾಕೆಂದು ತಿಳಿಯಲಿಲ್ಲ.

"ಅಂಜ್ಬ್ಯಾಡಿ ಅಣ್ಣ, ಸರಿಯಾಗೇ ಅಳಿತೀನಿ."

ಅವರು ಐದೂ ಬೆರಳು ಬಿಡಿಸಿ ತೋರಿಸಿದರು. ಅಭಯಹಸ್ತವೆಂದು ಕೈಮುಗಿದೆ.

"ಅಂಜು ಅಂದ್ರ ಐದು ಕಣವ್ವ!" ಒಳಗಿಂದ ಮಾವ ಕೂಗಿದರು.

ಮೀಟರಿಗೆ ಹದಿನೈದರಂತೆ ಎಪ್ಪತ್ತೈದು ಎಂದೆ. "ಎಳುವತ್ತಂಜಾ?" ಎಂದು ಡ್ರೈವರ್ ಕಣ್ಣರಳಿಸಿದರು. ಈ ಸಲ ನಿಜವಾಗಿಯೂ ಅಂಜಿದ್ದರು.

ಪೈಪಿನ ಜೊತೆ ಸಾರು

ಮಾರನೇ ದಿನ ಮಧ್ಯಾಹ್ನ ಹೊಟ್ಟೆ ತಾಳ ಹಾಕುತ್ತಿತ್ತು. ಜೀರಹಳ್ಳಿಯ ರೈತರೊಬ್ಬರು ಬಂದು, "ಅಡಿಗೆ ಏನಾಯ್ತದವ್ವಾ?" ಎಂದರು.

ಇಷ್ಟು ಅಕ್ಕರೆಯಿಂದ ಗಂಡನೂ ಕೇಳಿರಲಿಲ್ಲ. "ಮುದ್ದೆ, ಉಳ್ಳಿಕಾಳು ಸಾರು," ಎಂದೆ.

"ಊಟ ಇರ್ಲಿ ಕಣವ್ವ, ನಾ ಕೇಳುದ್ದು ಪೈಪು! ಒಂದಡಿಗೆ ಏಸಾಯ್ತದ?"

ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ಲೆಕ್ಕ ಹಾಕಿದೆ. "ಅಡಿಗೆ ಇಪ್ಪತ್ತು. ಐವತ್ತಡಿಗೆ ಸಾವಿರ."

"ಸಾವಿರ್ವ? ಅಂಗಾರ ಸಾರೂ ಸೇರುಸ್ಕೊಡು."

ನಾಲ್ಕು ಮಾರು

ಮೂರನೇ ದಿನ ಸಂಜೆಯವರೆಗೂ ಅಳತೆ ಎಲ್ಲೂ ತಪ್ಪಿರಲಿಲ್ಲ. ಕುರ್ಚಿ ನನ್ನದೇ ಎಂದುಕೊಳ್ಳುವಷ್ಟರಲ್ಲಿ ಹಳೇ ಗಿರಾಕಿ, ಗೆಟ್ಟವಾಡಿಯ ಅಜ್ಜಿಯೊಬ್ಬರು ಬಂದು, ಹಸು ಕಟ್ಟಲು ನಾಲ್ಕು ಮಾರು ಹಗ್ಗ ಕೇಳಿದರು.

"ಮಾರು ನಿನ್ಗ ಬರಾಕಿಲ್ಲ, ತಗಿ," ಎಂದು ಮಾವ ಎದ್ದು ಬಂದರು. ಎರಡೂ ತೋಳು ಚಾಚಿದರೆ ಒಂದು ಮಾರು, ಮಾರಿಗೆ ಆರಡಿ. ನಾಲ್ಕು ಸಲ ಚಾಚಿ ಗತ್ತಿನಿಂದ ಹೇಳಿದರು: "ಇಪ್ಪತ್ನಾಕಡಿ. ಅಡಿಗೆ ಐದು. ನೂರಿಪ್ಪತ್ತು."

ಕತ್ತರಿಸುವ ಮೊದಲು, ಕೈ ಸುಮ್ಮನಿರದೆ ಟೇಪು ಹಿಡಿದೆ. ಇಪ್ಪತ್ತೇ ಅಡಿ! ಮಾವ ಕುಳ್ಳಗಿದ್ದರು, ಆ ತೋಳು ಎಷ್ಟೆಂದು ಚಾಚೀತು?

"ಟೇಪು ಏನಂದದವ್ವ?" ಅಜ್ಜಿ ಕೇಳಿದರು.

ಮಾವನ ಮುಖ ಸುಟ್ಟ ಬದನೆಕಾಯಿಯಂತಾಯಿತು. ನಿಜ ಹೇಳಿದರೆ ಮಾವನ ಮಾನದ ಜೊತೆ ನನ್ನ ಕುರ್ಚಿಯೂ ಹೋಗುತ್ತದೆ. ಸುಳ್ಳು ಹೇಳಿದರೆ ಅಜ್ಜಿಗೆ ಮೋಸ.

"ಮಾವುಂಗ ಭುಜ ನೋವು ಅಜ್ಜಿ, ಕೈ ಪೂರ್ತಿ ಚಾಚಾಕಾಗ್ನಿಲ್ಲ," ಎಂದು ಇನ್ನೂ ನಾಲ್ಕಡಿ ಎಳೆದು ಕತ್ತರಿಸಿಕೊಟ್ಟೆ.

ಅಜ್ಜಿ ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮೂವತ್ ವರ್ಸದಿಂದ್ಲೂ ನೋವೇನ್ಲಾ ನಿನ್ಗ? ಅದ್ಕೇಯ ನಮ್ಮ ಅಸ ಒಂದ್ ಜಿನಾನೂ ಬೇಲಿತಾವ್ನ ಉಲ್ಲು ಮುಟ್ನಿಲ್ಲ!"

ಅವರು ಹೋದ ಮೇಲೆ ಮಾವ ಕುರ್ಚಿಯನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು.

"ಇನ್ಮ್ಯಾಲ ನೀನೇ ಕುಂತ್ಕೊ ಕಣವ್ವ. ನನ್ಗ ಭುಜ ನೋವು."